ಬೇಸಿಗೆಯ ಸಾಲ, ಚಳಿಯ ವಸೂಲಿ

ಮಾರ್ಗಶಿರ ಹಿಡಿದು ಮಾಘದ ತನಕ ಕೊಪ್ಪಳ ಜಿಲ್ಲೆಯ ಓಣಿಗಳಲ್ಲಿ ನಸುಕಿಗೇ ಶುರುವಾಗುವುದು ಕಿಕ್ಕರ್ ತುಳಿಯುವ ಸದ್ದು. ಎರಡೂ ಬದಿಗೆ ಹಾಲಿನ ಕ್ಯಾನು ಇಳಿಬಿಟ್ಟ ಟಿವಿಎಸ್ ಎಕ್ಸ್‌ಎಲ್, ಕಾಯಿಪಲ್ಲೆ ಹೇರಿಕೊಂಡು ಸಂತೆಗೆ ಹೊರಟ ಸ್ಪ್ಲೆಂಡರ್, ಪಾಳಿಯ ನೀರು ಕಟ್ಟಲು ಕಾಲುವೆಗೆ ಹೋಗಬೇಕಾದ ರೈತನ ಪ್ಲಾಟಿನಾ, ಬೆಳಗಿನ ಡ್ಯೂಟಿಯ ನರ್ಸಮ್ಮನ ಸ್ಕೂಟಿ: ಯಾವುದಕ್ಕೂ ತಡವಾಗುವಂತಿಲ್ಲ. ಹತ್ತು ಸಲ ತುಳಿದರೂ ಎಂಜಿನ್ ಎದ್ದೇಳದಿದ್ದಾಗ ಬಾಯಿಗೆ ಬರುವ ಮಾತು ಒಂದೇ: ‘ಥಂಡಿಗೆ ಗಾಡಿ ಕುಂತೈತಿ.’ ಬಿಸಿಲೇರಿದ ಮೇಲೆ ಅದೇ ಗಾಡಿ ಎರಡೇ ಕಿಕ್ಕಿಗೆ ಚಾಲೂ ಆಗುತ್ತದೆ. ತಪ್ಪು ಥಂಡಿಯದೇ ಎಂದು ಅಲ್ಲಿಗೆ ತೀರ್ಮಾನವಾಗಿ ಹೋಗುತ್ತದೆ. ಮರುದಿನ ನಸುಕಿಗೆ ಮತ್ತದೇ ಪಾಡು.

ಈ ತೀರ್ಮಾನ ಸರಿಯಿಲ್ಲ ಎಂಬುದು ಈ ಲೇಖನದ ವಾದ. ಕನಕಗಿರಿ ಸೀಮೆಯ ಚಳಿಗೆ ಒಂದು ಆರೋಗ್ಯವಂತ ಬೈಕನ್ನು ನಿಲ್ಲಿಸುವ ಶಕ್ತಿ ಇಲ್ಲ. ನಿಂತ ಬೈಕು ಮೊದಲೇ ಸೊರಗಿರುತ್ತದೆ. ಅದನ್ನು ಸೊರಗಿಸಿದ್ದು ಮಾರ್ಚ್‌ನಿಂದ ಮೇವರೆಗಿನ ಬಿಸಿಲು, ವರ್ಷವಿಡೀ ಕುಡಿದ ದೂಳು, ಮಳೆಗಾಲದಲ್ಲಿ ಒಳಸೇರಿದ ನೀರು ಮತ್ತು ನಮ್ಮ ಅಲಕ್ಷ್ಯ. ಅಂಗಡಿಯ ಖಾತೆಯಲ್ಲಿ ವರ್ಷಪೂರ್ತಿ ಬರೆಸಿದ ಉದ್ದರಿಯನ್ನು ಸುಗ್ಗಿಯ ಹೊತ್ತಿಗೆ ಕೇಳಲು ಬರುವವನ ಹಾಗೆ ಚಳಿ ಬರುತ್ತದೆ. ಸಾಲ ಮಾಡಿದ್ದು ಬೇರೆ ತಿಂಗಳಲ್ಲಿ. ಈ ವ್ಯತ್ಯಾಸ ತಿಳಿಯುವುದು ಬರೀ ತರ್ಕದ ಸಂತೋಷಕ್ಕಲ್ಲ. ರೋಗ ಯಾವ ತಿಂಗಳಲ್ಲಿ ಹುಟ್ಟಿತು ಎಂಬುದು ಗೊತ್ತಾದರೆ ಔಷಧಿ ಯಾವ ತಿಂಗಳಲ್ಲಿ ಕೊಡಬೇಕು ಎಂಬುದೂ ಗೊತ್ತಾಗುತ್ತದೆ.

ನಮ್ಮ ಥಂಡಿ ಎಷ್ಟು?

ಮೊದಲು ಚಳಿಯನ್ನೇ ಅಳೆಯೋಣ. ಕೊಪ್ಪಳ ಅರೆಶುಷ್ಕ ಬಯಲುಸೀಮೆ. ಡಿಸೆಂಬರ್, ಜನವರಿಯ ನಸುಕಿನಲ್ಲಿ ಉಷ್ಣಾಂಶ ಸಾಮಾನ್ಯವಾಗಿ 15 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಉತ್ತರದ ಶೀತಗಾಳಿ ಬೀಸಿದ ದಿನ ಇನ್ನೂ ನಾಲ್ಕೈದು ಡಿಗ್ರಿ ಕೆಳಗೆ ಹೋಗಬಹುದು. ತುಂಗಭದ್ರಾ ಎಡದಂಡೆಯ ಗಂಗಾವತಿ, ಕಾರಟಗಿ ಕಡೆ ಭತ್ತದ ಗದ್ದೆಗಳ ತೇವದಿಂದ ಮಂಜು ಕವಿಯುತ್ತದೆ. ಕುಷ್ಟಗಿ, ಯಲಬುರ್ಗಾದ ಎರಿ ಹೊಲಗಳ ಮೇಲೆ ಒಣ ಗಾಳಿ ಮೈ ಕೊರೆಯುತ್ತದೆ. ಇದನ್ನು ಲೇಹ್ ಜೊತೆ ಇಟ್ಟು ನೋಡಿ. ಅಲ್ಲಿ ಜನವರಿಯ ರಾತ್ರಿ ಮೈನಸ್ 15 ಡಿಗ್ರಿಗೆ ಹತ್ತಿರ ಹೋಗುವುದು ಮಾಮೂಲು. ಅಲ್ಲಿ ಡೀಸೆಲ್ ಗಟ್ಟಿಯಾಗುತ್ತದೆ, ಬ್ಯಾಟರಿಯನ್ನು ಬಿಚ್ಚಿ ಮನೆಯೊಳಗೆ ಬೆಚ್ಚಗಿಡಬೇಕಾಗುತ್ತದೆ. ಅಲ್ಲಿ ಚಳಿಯೇ ನಿಜವಾದ ಶತ್ರು. ನಮ್ಮಲ್ಲಿ ನೀರು ಹೆಪ್ಪುಗಟ್ಟುವ ಮಟ್ಟಕ್ಕಿಂತ ಹತ್ತು ಹದಿನೈದು ಡಿಗ್ರಿ ಮೇಲಿರುವ ಗಾಳಿಯನ್ನು ಶತ್ರು ಎನ್ನಲು ಬಲವಾದ ಸಾಕ್ಷ್ಯ ಬೇಕು.

ಸಾಕ್ಷ್ಯವನ್ನು ಒಂದೊಂದಾಗಿ ಕೇಳೋಣ. ಪೆಟ್ರೋಲು ಚಳಿಗೆ ಹತ್ತಿಕೊಳ್ಳುವುದಿಲ್ಲವೇ? ಪೆಟ್ರೋಲಿನ ಆವಿ ಕಿಡಿಗೆ ಹತ್ತಿಕೊಳ್ಳಲು ಬೇಕಾದ ಕನಿಷ್ಠ ಉಷ್ಣಾಂಶ ಸುಮಾರು ಮೈನಸ್ 40 ಡಿಗ್ರಿ. ನಮ್ಮ ಜನವರಿ ಅದರ ಹತ್ತಿರವೂ ಸುಳಿಯುವುದಿಲ್ಲ. ಎಂಜಿನ್ ಆಯಿಲ್ ಗಟ್ಟಿಯಾಗುತ್ತದೆಯೇ? ಡಬ್ಬಿಯ ಮೇಲೆ ಬರೆದ 20ಡಬ್ಲ್ಯು ದರ್ಜೆಯ ಆಯಿಲನ್ನು ಮೈನಸ್ 15 ಡಿಗ್ರಿಯಲ್ಲಿ, 10ಡಬ್ಲ್ಯು ದರ್ಜೆಯದನ್ನು ಮೈನಸ್ 25 ಡಿಗ್ರಿಯಲ್ಲಿ ಎಂಜಿನ್ ತಿರುಗೀತೇ ಎಂದು ಪರೀಕ್ಷಿಸಿಯೇ ಆ ದರ್ಜೆ ಕೊಟ್ಟಿರುತ್ತಾರೆ. ಬೇಸಿಗೆಯ ಮುಂಜಾನೆಗೆ ಹೋಲಿಸಿದರೆ ಚಳಿಗಾಲದ ನಸುಕಿನಲ್ಲಿ ಆಯಿಲ್ ಸುಮಾರು ಎರಡು ಪಟ್ಟು ಮಂದವಾಗುತ್ತದೆ ನಿಜ. ಕಿಕ್ಕರ್ ಬಿಗಿ ಅನ್ನಿಸುವುದು ಅದಕ್ಕೇ. ಆದರೆ ಅದು ಎಂಜಿನ್ ತಾಳಿಕೊಳ್ಳಬಲ್ಲ ಬಿಗುವಿನ ಒಳಗೇ ಇದೆ. ಹಾಗಾದರೆ ಉಳಿದದ್ದು ಕಿಡಿ ಮತ್ತು ಸೆಲ್ಫ್ ಎರಡಕ್ಕೂ ಶಕ್ತಿ ಕೊಡುವ ಬ್ಯಾಟರಿ. ಇಲ್ಲಿಂದ ಮುಂದೆ ವಿಷಯ ಬೇಸಿಗೆಯ ಕಡೆ ತಿರುಗುತ್ತದೆ.

ಪಕ್ಕದ ಕವರಿನ ಹಿಂದೆ

ಬೈಕಿನ ಬಲಕ್ಕೋ ಎಡಕ್ಕೋ ಇರುವ ಪ್ಲಾಸ್ಟಿಕ್ ಕವರನ್ನು ಬಿಚ್ಚಿ ನೋಡಿ. ಹಳೆಯ ಮಾದರಿಯ ಗಾಡಿಯಾದರೆ ಬಿಳಿ ಡಬ್ಬಿಯ ಬ್ಯಾಟರಿ ಕಾಣುತ್ತದೆ. ಅದರ ಮೈಮೇಲೆ ಎರಡು ಗೆರೆ, ಮೇಲಿನದು ಗರಿಷ್ಠ ಮಟ್ಟ, ಕೆಳಗಿನದು ಕನಿಷ್ಠ. ನಮ್ಮ ಭಾಗದಲ್ಲಿ ನವೆಂಬರ್‌ನಲ್ಲಿ ಕವರ್ ತೆಗೆದು ನೋಡಿದರೆ ದ್ರಾವಣ ಎಷ್ಟೋ ಗಾಡಿಗಳಲ್ಲಿ ಕೆಳಗಿನ ಗೆರೆಗಿಂತಲೂ ಕೆಳಗಿರುತ್ತದೆ, ಸೀಸದ ತಟ್ಟೆಗಳ ಮೇಲ್ತುದಿ ಒಣಗಿ ಬೆಳ್ಳಗಾಗಿರುತ್ತದೆ, ಟರ್ಮಿನಲ್ಲಿನ ಸುತ್ತ ಸುಣ್ಣದಂಥ ಪುಡಿ ಕಟ್ಟಿರುತ್ತದೆ. ಆ ನೀರು ಹೋದದ್ದು ಚಳಿಯಲ್ಲಲ್ಲ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಿಸಿಲಿನಲ್ಲಿ, ಬಸ್ ಸ್ಟ್ಯಾಂಡಿನ ಮುಂದೆಯೋ ಹೊಲದ ಬದುವಿನ ಮೇಲೋ ದಿನವಿಡೀ ನಿಂತ ಗಾಡಿಯ ಹೊಟ್ಟೆಯೊಳಗೆ ಅದು ಆರಿಹೋಗಿದೆ. ದ್ರಾವಣದಿಂದ ಹೊರಬಿದ್ದ ತಟ್ಟೆಯ ಭಾಗ ಗಟ್ಟಿಯಾಗಿ ಕೆಲಸಕ್ಕೆ ಬಾರದಾಗುತ್ತದೆ; ಆಮೇಲೆ ನೀರು ತುಂಬಿದರೂ ಪೂರ್ತಿ ಮರಳುವುದಿಲ್ಲ.

ಶಾಖ ಮತ್ತು ರಾಸಾಯನಿಕ ಕ್ರಿಯೆಯ ವೇಗದ ನಂಟನ್ನು 1889ರಲ್ಲಿ ಸೂತ್ರಕ್ಕೆ ತಂದವರು ಸ್ವೀಡನ್ನಿನ ವಿಜ್ಞಾನಿ ಸ್ವಾಂಟೆ ಅರೇನಿಯಸ್. ಅದರಿಂದ ಹೊರಟ, ಬ್ಯಾಟರಿ ಉದ್ಯಮದವರು ನೆಚ್ಚುವ ಲೆಕ್ಕ ಸರಳವಾಗಿದೆ: 25 ಡಿಗ್ರಿಗಿಂತ ಮೇಲೆ ಸುಮಾರು ಹತ್ತು ಡಿಗ್ರಿ ಏರಿದಂತೆ ಸೀಸ-ಆಮ್ಲ ಬ್ಯಾಟರಿಯ ಆಯಸ್ಸು ಅರ್ಧಕ್ಕಿಳಿಯುತ್ತದೆ. ಚಳಿಯ ಲೆಕ್ಕ ಬೇರೆ. ಸೊನ್ನೆ ಡಿಗ್ರಿಯಲ್ಲಿ ಬ್ಯಾಟರಿ ತನ್ನ ಸಾಮರ್ಥ್ಯದ ಐದನೇ ಒಂದು ಭಾಗವನ್ನು ಕಳೆದುಕೊಳ್ಳುತ್ತದೆ; ಮೈನಸ್ 18ರಲ್ಲಿ ಸುಮಾರು ಅರ್ಧವನ್ನು. ನಮ್ಮ 15 ಡಿಗ್ರಿಯಲ್ಲಿ ಕಳೆದುಕೊಳ್ಳುವುದು ಹತ್ತನೇ ಒಂದು ಭಾಗಕ್ಕೂ ಕಡಿಮೆ, ಅದೂ ತಾತ್ಕಾಲಿಕ. ಬಿಸಿಲೇರಿದರೆ ಮರಳಿ ಬರುತ್ತದೆ. ಬೇಸಿಗೆ ಕಿತ್ತುಕೊಂಡದ್ದು ಮರಳಿ ಬರುವುದಿಲ್ಲ.

ಇಲ್ಲಿ ಏಳುವ ಮೊದಲ ಆಕ್ಷೇಪ ನ್ಯಾಯವಾದದ್ದೇ. ‘ಬ್ಯಾಟರಿ ಬೇಸಿಗೆಯಲ್ಲೇ ಹಾಳಾಗಿದ್ದರೆ ಜೂನ್‌ನಲ್ಲಿ, ಸೆಪ್ಟೆಂಬರ್‌ನಲ್ಲಿ ಗಾಡಿ ಹೇಗೆ ಚಾಲೂ ಆಗುತ್ತಿತ್ತು?’ ಉತ್ತರ ಅಂಚಿನಲ್ಲಿದೆ. ಸೆಲ್ಫ್ ಮೋಟರು ಎಂಜಿನ್ನನ್ನು ತಿರುಗಿಸಲು ಇಂತಿಷ್ಟು ಶಕ್ತಿ ಬೇಕು. ಬೇಸಿಗೆ ಮಳೆಗಾಲಗಳಲ್ಲಿ ಆಯಿಲ್ ತೆಳುವಾಗಿದ್ದು ಆ ಬೇಡಿಕೆ ಕಡಿಮೆ ಇರುತ್ತದೆ. ಅರ್ಧ ಸೊರಗಿದ ಬ್ಯಾಟರಿಯೂ ಹೇಗೋ ಪೂರೈಸುತ್ತದೆ. ಡಿಸೆಂಬರ್‌ನಲ್ಲಿ ಬೇಡಿಕೆ ತುಸು ಏರುತ್ತದೆ, ಪೂರೈಕೆ ತುಸು ಇಳಿಯುತ್ತದೆ. ಹೊಸ ಬ್ಯಾಟರಿಗೆ ಈ ಏರಿಳಿತ ಗಮನಕ್ಕೇ ಬರುವುದಿಲ್ಲ. ಅಂಚಿನಲ್ಲಿ ನಿಂತಿದ್ದ ಬ್ಯಾಟರಿ ಮಾತ್ರ ಕೆಳಗೆ ಬೀಳುತ್ತದೆ. ಒಂದೇ ಓಣಿಯಲ್ಲಿ, ಒಂದೇ ನಸುಕಿನಲ್ಲಿ, ಒಂದೇ ಮಾದರಿಯ ಎರಡು ಗಾಡಿಗಳಲ್ಲಿ ಒಂದು ಚಾಲೂ ಆಗಿ ಇನ್ನೊಂದು ಆಗದಿರುವುದು ಇದಕ್ಕೆ ಒಳ್ಳೆಯ ಸಾಕ್ಷಿ. ಥಂಡಿ ಎರಡಕ್ಕೂ ಒಂದೇ ಆಗಿತ್ತಲ್ಲ!

ಪರೀಕ್ಷೆ ಕಷ್ಟವಿಲ್ಲ. ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿಗೆ ಬೆಳಿಗ್ಗೆ ಮೀಟರ್ ಹಿಡಿದರೆ 12.6 ವೋಲ್ಟ್ ಅಥವಾ ಹೆಚ್ಚು ತೋರಿಸಬೇಕು. 12.4 ಎಂದರೆ ಮುಕ್ಕಾಲು ತುಂಬಿದೆ. 12ಕ್ಕೆ ಬಂದರೆ ಹೆಚ್ಚುಕಡಿಮೆ ಬರಿದಾಗಿದೆ. ಸೆಲ್ಫ್ ಒತ್ತಿದಾಗ 9.5ಕ್ಕಿಂತ ಕೆಳಗೆ ಕುಸಿದರೆ ಆ ಬ್ಯಾಟರಿಯ ಮೇಲೆ ಭರವಸೆ ಇಡಬಾರದು. ಎಂಜಿನ್ ಓಡುವಾಗ 14ರ ಆಸುಪಾಸು ಬರದಿದ್ದರೆ ಚಾರ್ಜಿಂಗ್‌ನಲ್ಲೇ ದೋಷವಿದೆ. ನೀರು ಹಾಕುವ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಬೇಕು. ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಕುಷ್ಟಗಿ, ಯಲಬುರ್ಗಾ ಭಾಗದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಮತ್ತು ಲವಣಗಳ ಬಾಧೆ ಎಷ್ಟೆಂಬುದು ಎಲ್ಲರಿಗೂ ಗೊತ್ತು. ಊರಿನ ಶುದ್ಧ ನೀರಿನ ಘಟಕದ ನೀರು ಕುಡಿಯಲು ಯೋಗ್ಯ, ಆದರೆ ಅದರಲ್ಲೂ ಲವಣದ ಅಂಶ ಉಳಿದಿರುತ್ತದೆ. ಬ್ಯಾಟರಿಗೆ ಅದು ವಿಷ. ಆ್ಯಸಿಡ್ ಹಾಕಿಸಿ ‘ಜೋರು’ ಮಾಡಿಸುವುದೂ ತಪ್ಪು. ಆರಿಹೋದದ್ದು ನೀರು, ಆ್ಯಸಿಡ್ ಅಲ್ಲ.

ದೂಳು ತುಂಬಿದ ಉಸಿರು

ಎರಡನೆಯ ಆಪಾದಿತ ಏರ್ ಫಿಲ್ಟರ್. ನಮ್ಮ ಜಿಲ್ಲೆಯಲ್ಲಿ ದೂಳಿಗೆ ಋತುವಿಲ್ಲ. ಮಸಾರಿಯ ಕೆಂಪು ದೂಳು, ಎರಿಯ ಕಪ್ಪು ದೂಳು, ತೊಗರಿ, ಸಜ್ಜೆ ರಾಶಿಯ ಹೊಟ್ಟು, ರಸ್ತೆ ಕಾಮಗಾರಿಯ ಪುಡಿ ಎಲ್ಲವೂ ಸೀಟಿನ ಕೆಳಗಿನ ಆ ಪುಟ್ಟ ಪೆಟ್ಟಿಗೆಯಲ್ಲಿ ಬಂದು ಕೂರುತ್ತವೆ. ಕಂಪನಿಯ ಪುಸ್ತಕದಲ್ಲಿ ಬರೆದ ಕಿಲೋಮೀಟರ್ ಲೆಕ್ಕ ಡಾಂಬರು ರಸ್ತೆಯ ಸವಾರನಿಗೆ. ದೂಳಿನ ದಾರಿಯವರು ಅದಕ್ಕಿಂತ ಬೇಗ ನೋಡಿಕೊಳ್ಳಬೇಕು ಎಂದು ಆ ಪುಸ್ತಕಗಳೇ ಹೇಳುತ್ತವೆ. ತಾವರಗೇರಾದಿಂದ ಕನಕಗಿರಿ ಕಡೆಯ ಹಳ್ಳಿಗಳಿಗೆ ದಿನವೂ ಬಂಡಿದಾರಿಯಲ್ಲಿ ಓಡಾಡುವ ಗಾಡಿಗೆ ಆ ಮಾತು ಅನ್ವಯಿಸುತ್ತದೆ.

ಫಿಲ್ಟರ್ ಕಟ್ಟಿಕೊಂಡ ಕಾರ್ಬುರೇಟರ್ ಗಾಡಿಯೊಳಗೆ ಏನಾಗುತ್ತದೆ ನೋಡಿ. ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಗಾಳಿಯ ದಾರಿ ಕಟ್ಟಿದರೆ ಮಿಶ್ರಣದಲ್ಲಿ ಪೆಟ್ರೋಲು ಹೆಚ್ಚಾಗಿ ಪ್ಲಗ್ಗಿನ ತುದಿಗೆ ಕಪ್ಪು ಮಸಿ ಹಿಡಿಯುತ್ತದೆ. ಇಂಥ ಗಾಡಿಗೆ ನಸುಕಿನಲ್ಲಿ ಚೋಕ್ ಎಳೆದರೆ ಮೊದಲೇ ಇದ್ದ ಅತಿಪೆಟ್ರೋಲಿಗೆ ಇನ್ನಷ್ಟು ಸೇರುತ್ತದೆ. ಎಕ್ಸಿಲೇಟರ್ ತಿರುವುತ್ತ ಕಿಕ್ ಹೊಡೆದರಂತೂ ಕೇಳುವುದೇ ಬೇಡ, ಪ್ಲಗ್ ತೊಯ್ದು ತೊಪ್ಪೆಯಾಗುತ್ತದೆ. ಓವರ್‌ಫ್ಲೋ ಆಯಿತು, ವಾಸನೆ ಬಂತು, ಗಾಡಿ ಏಳಲಿಲ್ಲ. ‘ಥಂಡಿಗೆ ಚೋಕ್ ಹಾಕಿದರೂ ಆಗವಲ್ದು’ ಎಂಬ ದೂರಿನ ಹಿಂದೆ ಬಹಳ ಸಲ ಇರುವುದು ಥಂಡಿಯಲ್ಲ, ಎಂಟು ತಿಂಗಳಿಂದ ಬಿಚ್ಚದ ಫಿಲ್ಟರು. ಹೀಗಾದಾಗ ಚೋಕ್ ಇಳಿಸಿ, ಎಕ್ಸಿಲೇಟರ್ ಪೂರ್ತಿ ತೆರೆದು ನಾಲ್ಕೈದು ಕಿಕ್ ಹೊಡೆದರೆ ಒಳಗಿನ ಹೆಚ್ಚಿನ ಪೆಟ್ರೋಲು ಹೊರಹೋಗುತ್ತದೆ. ಅದಕ್ಕೂ ಜಗ್ಗದಿದ್ದರೆ ಪ್ಲಗ್ ಬಿಚ್ಚಿ ಒರೆಸಿ ಒಣಗಿಸಬೇಕು.

‘ಹಿಂದೆಯೂ ಹೀಗೇ ಇತ್ತಲ್ಲ?’

ಹಿರಿಯರು ಕೇಳಬಹುದು: ಜಾವಾ, ಯೆಜ್ಡಿ, ರಾಜದೂತ್ ಕಾಲದಿಂದಲೂ ಚಳಿಗೆ ಗಾಡಿಗಳು ಸತಾಯಿಸಿವೆ, ಆಗ ಬ್ಯಾಟರಿಯ ಮಾತೆಲ್ಲಿತ್ತು? ಅವರ ನೆನಪು ಸುಳ್ಳಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ಬಾಗಿಲು ಹಾಕುವವರೆಗೆ ಉತ್ತರ ಕರ್ನಾಟಕದ ರೈತರು, ಮೇಷ್ಟ್ರುಗಳು, ವ್ಯಾಪಾರಿಗಳ ಮನೆಮುಂದೆ ಅದರ ಗಾಡಿಗಳಿದ್ದವು. ಅವು ಟೂ-ಸ್ಟ್ರೋಕ್, ಪೆಟ್ರೋಲಿನಲ್ಲೇ ಆಯಿಲ್ ಬೆರೆಸಬೇಕಿತ್ತು. ಕಿಡಿ ಹುಟ್ಟಿಸುವುದು ಕಾಂಟ್ಯಾಕ್ಟ್ ಪಾಯಿಂಟುಗಳ ಕೆಲಸ. ಅವುಗಳ ಮೇಲೆ ಚೂರು ಮಸಿ ಕೂತರೂ ಕಿಡಿ ಬಡವಾಗುತ್ತಿತ್ತು. ಹಳೆಯ ಜಾವಾದಲ್ಲಿ ಕಾರ್ಬುರೇಟರಿನ ಗುಂಡಿ ಒತ್ತಿ ಪೆಟ್ರೋಲು ತುಳುಕುವಂತೆ ಮಾಡಿ, ಗೇರ್ ಲಿವರನ್ನೇ ಮೇಲೆತ್ತಿ ಕಿಕ್ಕರ್ ಮಾಡಿಕೊಂಡು ಹೊಡೆಯಬೇಕಿತ್ತು. ಅಂಥ ಯಂತ್ರಕ್ಕೆ ಹತ್ತು ಡಿಗ್ರಿಯ ಇಳಿಕೆಯೂ ಭಾರವೇ. ಬುಲೆಟ್ಟಿನವರು ಆ್ಯಮ್ಮೀಟರಿನ ಮುಳ್ಳು ನೋಡುತ್ತ, ಡಿಕಂಪ್ರೆಸರ್ ಹಿಡಿದು ಪಿಸ್ಟನ್ನನ್ನು ಸರಿಯಾದ ಜಾಗಕ್ಕೆ ತಂದು ಒಂದೇ ಒದೆ ಕೊಡುವ ಕೌಶಲ ಕಲಿತಿದ್ದರು.

ಆದರೆ ಯಂತ್ರ ಬದಲಾಗಿದೆ. 1985ರಲ್ಲಿ ಹೀರೊ ಹೋಂಡಾ ಸಿಡಿ 100 ಬಂದಾಗ ಫೋರ್-ಸ್ಟ್ರೋಕ್ ಎಂಜಿನ್ನು ಮತ್ತು ಪಾಯಿಂಟುಗಳಿಲ್ಲದ ಎಲೆಕ್ಟ್ರಾನಿಕ್ ಕಿಡಿ ಸಾಮಾನ್ಯ ಮನುಷ್ಯನ ಕೈಗೆ ಸಿಕ್ಕವು. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಜಾರಿಯಾದ ಮೇಲೆ ಹೆಚ್ಚಿನ ಹೊಸ ಬೈಕುಗಳಲ್ಲಿ ಕಾರ್ಬುರೇಟರೂ ಇಲ್ಲ, ಚೋಕೂ ಇಲ್ಲ. ಎಂಜಿನ್ನಿನ ಉಷ್ಣಾಂಶವನ್ನು ಸೆನ್ಸರ್ ಅಳೆದು, ಎಷ್ಟು ಪೆಟ್ರೋಲು ಬೇಕೆಂದು ಕಂಪ್ಯೂಟರೇ ನಿರ್ಧರಿಸುತ್ತದೆ. ಚಳಿಗೆ ಹೊಂದಿಕೊಳ್ಳುವ ಕೆಲಸವನ್ನು ಯಂತ್ರವೇ ವಹಿಸಿಕೊಂಡಿದೆ. ಅದಕ್ಕೆ ಅದು ಕೇಳುವುದು ಒಂದನ್ನೇ, ಚೊಕ್ಕ ವಿದ್ಯುತ್ತನ್ನು. ಪಂಪು, ಇಂಜೆಕ್ಟರು, ಕಂಪ್ಯೂಟರು ಮೂರೂ ಬ್ಯಾಟರಿಯನ್ನು ನೆಚ್ಚಿವೆ. ಹಳೆಯ ಗಾಡಿಯಲ್ಲಿ ಬ್ಯಾಟರಿ ಕುಂತರೂ ಕಿಕ್ಕಿಗೆ ಜೀವ ಬರುತ್ತಿತ್ತು, ನೂಕಿ ಎರಡನೇ ಗೇರಿಗೆ ಹಾಕಿದರೆ ಓಡುತ್ತಿತ್ತು. ಹೊಸ ಗಾಡಿ ಬ್ಯಾಟರಿ ಪೂರ್ತಿ ಸತ್ತರೆ ನೂಕಿದರೂ ಏಳುವುದು ಕಷ್ಟ. ಬೆಲ್ಟಿನ ಸ್ಕೂಟರಂತೂ ನೂಕಿ ಚಾಲೂ ಆಗುವುದೇ ಇಲ್ಲ. ಹಾಗಾಗಿ ಹಿರಿಯರ ಕಾಲದಲ್ಲಿ ಅರ್ಧ ನಿಜವಾಗಿದ್ದ ‘ಥಂಡಿಯ ತಪ್ಪು’ ಈಗ ಕಾಲು ಭಾಗವೂ ನಿಜವಲ್ಲ, ಬ್ಯಾಟರಿಯ ಮಹತ್ವ ಮಾತ್ರ ಹೆಚ್ಚಾಗಿದೆ.

ಎಥೆನಾಲಿನ ಪ್ರಶ್ನೆ

ಈಚಿನ ಎರಡು ಮೂರು ವರ್ಷಗಳಲ್ಲಿ ಇನ್ನೊಂದು ಆಕ್ಷೇಪ ಗ್ಯಾರೇಜುಗಳಲ್ಲಿ ಕೇಳುತ್ತಿದೆ: ‘ಪೆಟ್ರೋಲಿನಾಗ ಎಥೆನಾಲ್ ಹಾಕತಾರ, ಅದಕ್ಕ ಬೆಳಿಗ್ಗೆ ಗಾಡಿ ಏಳವಲ್ದು.’ ಇದನ್ನು ತಳ್ಳಿಹಾಕದೆ ಪರಿಶೀಲಿಸಬೇಕು. 2025ರ ಹೊತ್ತಿಗೆ ದೇಶದಲ್ಲಿ ಪೆಟ್ರೋಲಿಗೆ ಶೇ 20ರಷ್ಟು ಎಥೆನಾಲ್ ಬೆರೆಸುವ ಗುರಿ ಮುಟ್ಟಿದೆ. ಶುದ್ಧ ಎಥೆನಾಲಿನ ಆವಿ ಹತ್ತಿಕೊಳ್ಳಲು ಸುಮಾರು 13 ಡಿಗ್ರಿಯಾದರೂ ಬೇಕು. ಅಂದರೆ ಬರೀ ಎಥೆನಾಲಿನಲ್ಲಿ ಓಡುವ ಬೈಕು ನಮ್ಮ ಜನವರಿಯ ನಸುಕಿನಲ್ಲೂ ನಿಜವಾಗಿ ತೊಡಕು ಕೊಟ್ಟೀತು. ಬ್ರೆಜಿಲ್‌ನಲ್ಲಿ 2009ರಲ್ಲಿ ಹೋಂಡಾ ಕಂಪನಿ ಎರಡೂ ಇಂಧನಕ್ಕೆ ಒಗ್ಗುವ ಸಿಜಿ 150 ಟೈಟಾನ್ ಮಿಕ್ಸ್ ಬೈಕನ್ನು ತಂದಾಗ, 15 ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಟ್ಯಾಂಕಿನಲ್ಲಿ ಐದನೇ ಒಂದು ಭಾಗವಾದರೂ ಪೆಟ್ರೋಲು ಇರಲಿ ಎಂದು ಸವಾರರಿಗೆ ತಿಳಿಸಿತ್ತು. ಅಲ್ಲಿ ಐದರಲ್ಲಿ ಒಂದು ಪಾಲು ಪೆಟ್ರೋಲು ಸಾಕೆಂದರೆ, ಐದರಲ್ಲಿ ನಾಲ್ಕು ಪಾಲು ಪೆಟ್ರೋಲೇ ಇರುವ ನಮ್ಮ ಮಿಶ್ರಣ ನಮ್ಮ ಥಂಡಿಗೆ ಹೆದರಬೇಕಿಲ್ಲ.

ಎಥೆನಾಲಿನಿಂದ ತೊಂದರೆಯೇ ಇಲ್ಲ ಎಂದಲ್ಲ. ಅದು ನೀರನ್ನು ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಸವೆದ ಟ್ಯಾಂಕ್ ಮುಚ್ಚಳದಿಂದಲೋ ವಾಟರ್ ಸರ್ವಿಸ್‌ನ ಜೋರಾದ ಧಾರೆಯಿಂದಲೋ ಒಳಹೊಕ್ಕ ನೀರನ್ನು ಅದು ತನ್ನಲ್ಲೇ ಹಿಡಿದಿಟ್ಟುಕೊಂಡಿರುತ್ತದೆ. ಉಷ್ಣಾಂಶ ಇಳಿದಂತೆ ಹಿಡಿದಿಡುವ ಶಕ್ತಿಯೂ ಇಳಿಯುತ್ತದೆ. ನೀರು ಮಿತಿ ಮೀರಿದ್ದರೆ ಎಥೆನಾಲ್ ಸಮೇತ ಬೇರೆಯಾಗಿ ಟ್ಯಾಂಕಿನ ತಳಕ್ಕಿಳಿಯುತ್ತದೆ. ಪೈಪು ಹೀರುವುದು ತಳದಿಂದಲೇ. ನಸುಕಿನಲ್ಲಿ ಎಂಜಿನ್ನಿಗೆ ಸಿಗುವುದು ಪೆಟ್ರೋಲಲ್ಲ, ಆ ತಳದ ನೀರು. ಇಲ್ಲೂ ಚಳಿ ತೋರಿಸಿಕೊಟ್ಟಿತು, ನೀರು ಸೇರಿದ್ದು ಮಳೆಗಾಲದಲ್ಲಿ. 2023ಕ್ಕಿಂತ ಹಳೆಯ ಗಾಡಿಗಳ ರಬ್ಬರ್ ಪೈಪು, ಸೀಲುಗಳು ಈ ಮಿಶ್ರಣಕ್ಕೆಂದು ಮಾಡಿದವಲ್ಲ. ಅವು ಉಬ್ಬಿವೆಯೇ, ಬಿರಿದಿವೆಯೇ ಎಂದು ನೋಡಿ ಬದಲಿಸುವುದು ಆ ಗಾಡಿ ಉಳ್ಳವರ ಹೊಣೆ. ಹೆಚ್ಚು ದಿನ ಓಡಿಸದೆ ಇಡುವುದಾದರೆ ಟ್ಯಾಂಕನ್ನು ಅರ್ಧ ಖಾಲಿ ಬಿಡುವುದಕ್ಕಿಂತ ತುಂಬಿಸಿಡುವುದು ಮೇಲು.

ಗುಳೆ ಹೋದವರ ಗಾಡಿ

ಹೆಚ್ಚು ದಿನ ಓಡದ ಗಾಡಿ ಎಂಬುದು ಈ ಜಿಲ್ಲೆಯಲ್ಲಿ ಸಣ್ಣ ವಿಷಯವಲ್ಲ. ಕುಷ್ಟಗಿ, ಯಲಬುರ್ಗಾದ ಬೆದ್ದಲು ಹಳ್ಳಿಗಳಿಂದ ಬೆಂಗಳೂರು, ಗೋವಾ, ಮಂಗಳೂರು ಕಡೆ ದುಡಿಯಲು ಗುಳೆ ಹೋಗುವ ಕುಟುಂಬಗಳು ಸಾಲ ಮಾಡಿ ಕೊಂಡ ಬೈಕನ್ನು ಪಡಸಾಲೆಯಲ್ಲೋ ದನದ ಕೊಟ್ಟಿಗೆಯಲ್ಲೋ ನಿಲ್ಲಿಸಿ ಹೋಗುತ್ತವೆ. ಎಳ್ಳಮಾಸಿಯ ಚರಗಕ್ಕೋ ಪುಷ್ಯ ಮಾಸದ ಗವಿಸಿದ್ಧೇಶ್ವರ ಜಾತ್ರೆಗೋ ಊರಿಗೆ ಬಂದಾಗ ಗಾಡಿ ಏಳುವುದಿಲ್ಲ. ಬಂದ ನಾಲ್ಕು ದಿನದಲ್ಲಿ ಒಂದು ದಿನ ಗ್ಯಾರೇಜಿಗೆ, ಒಂದು ಬ್ಯಾಟರಿಯ ದುಡ್ಡು ಅಂಗಡಿಗೆ ಹೋಗುತ್ತದೆ.

ಲೆಕ್ಕ ಹಾಕಿ ನೋಡಿ. ಕೀ ತೆಗೆದಿದ್ದರೂ ಹೊಸ ಗಾಡಿಯ ಗಡಿಯಾರ, ಕಂಪ್ಯೂಟರುಗಳು ಬ್ಯಾಟರಿಯಿಂದ ತುಸುತುಸುವೇ ಹೀರುತ್ತಿರುತ್ತವೆ. ಬರೀ ಒಂದು ಮಿಲಿಆಂಪಿಯರ್ ಸೋರಿದರೂ ತಿಂಗಳಿಗೆ 0.72 ಆಂಪಿಯರ್-ಅವರ್ ಖಾಲಿಯಾಗುತ್ತದೆ; 4 ಆಂಪಿಯರ್-ಅವರ್‌ನ ಪುಟ್ಟ ಬ್ಯಾಟರಿಗೆ ಅದು ಐದನೇ ಒಂದು ಭಾಗಕ್ಕೆ ಹತ್ತಿರ. ಜೊತೆಗೆ ತಾನಾಗಿಯೇ ಬರಿದಾಗುವ ಗುಣ ಬೇರೆ, ಅದೂ ಬಿಸಿಲಿಗೆ ಹೆಚ್ಚಾಗುತ್ತದೆ. ಮೂರು ನಾಲ್ಕು ತಿಂಗಳಲ್ಲಿ ಬರಿದಾದ ತಟ್ಟೆಗಳ ಮೇಲೆ ಸೀಸದ ಸಲ್ಫೇಟು ಗಟ್ಟಿ ಹರಳಾಗುತ್ತದೆ. ಆಮೇಲೆ ಚಾರ್ಜ್ ಮಾಡಿದರೂ ಹಿಡಿಯುವುದಿಲ್ಲ. ಹೊರಡುವ ಮುನ್ನ ಸ್ಪ್ಯಾನರಿನಿಂದ ನೆಗೆಟಿವ್ ವೈರು ಒಂದನ್ನು ಬಿಚ್ಚಿಟ್ಟರೆ ಈ ಸೋರಿಕೆ ನಿಲ್ಲುತ್ತದೆ. ಮನೆಯಲ್ಲಿ ಉಳಿದವರು ಹದಿನೈದು ದಿನಕ್ಕೊಮ್ಮೆ ಅರ್ಧ ತಾಸು ಓಡಿಸಿಕೊಂಡು ಬಂದರೆ ಇನ್ನೂ ಒಳ್ಳೆಯದು. ಕಾರ್ಬುರೇಟರ್ ಗಾಡಿಯಾದರೆ ಪೆಟ್ರೋಲ್ ಕಾಕ್ ಬಂದ್ ಮಾಡಿ, ಎಂಜಿನ್ ತಾನೇ ನಿಲ್ಲುವವರೆಗೆ ಬಿಟ್ಟು ಒಳಗಿನದನ್ನು ಖಾಲಿ ಮಾಡಬೇಕು. ಹಾಗೆ ಬಿಟ್ಟರೆ ಪೆಟ್ರೋಲಿನಲ್ಲಿ ಬೇಗ ಹತ್ತಿಕೊಳ್ಳುವ ಹಗುರ ಅಂಶವೆಲ್ಲ ಸೆಕೆಗೆ ಹಾರಿ, ಉಳಿದದ್ದು ಅಂಟಾಗಿ ಜೆಟ್ಟಿನ ಕೂದಲೆಳೆಯ ರಂಧ್ರವನ್ನು ಮುಚ್ಚುತ್ತದೆ.

ನಸುಕಿನಲ್ಲಿ ಮಾಡಬೇಕಾದ್ದು, ಮಾಡಬಾರದ್ದು

ಕಾರ್ಬುರೇಟರ್ ಗಾಡಿಯಾದರೆ ಕೀ ಹಾಕುವ ಮೊದಲೇ ಚೋಕ್ ಎಳೆದು ಎರಡು ಮೂರು ಸಲ ಮೆಲ್ಲಗೆ ಕಿಕ್ಕರ್ ತುಳಿಯಬೇಕು. ಮಂದವಾದ ಆಯಿಲ್ ಸಡಿಲಗೊಂಡು, ಒಳಗೆ ಮಿಶ್ರಣ ತುಂಬುತ್ತದೆ. ಆಮೇಲೆ ಕೀ ಹಾಕಿ, ಎಕ್ಸಿಲೇಟರ್ ಮುಟ್ಟದೆ ಕಿಕ್. ಎದ್ದ ಮೇಲೆ ಅರ್ಧ ಒಂದು ನಿಮಿಷದೊಳಗೆ ಚೋಕ್ ಇಳಿಸಬೇಕು. ಇಂಜೆಕ್ಷನ್ ಗಾಡಿಯಾದರೆ ಕೀ ಹಾಕಿ ಪಂಪಿನ ಗುಂಯ್ ಸದ್ದು ನಿಲ್ಲುವವರೆಗೆ ಎರಡು ಮೂರು ಸೆಕೆಂಡು ಕಾಯಬೇಕು. ಸೆಲ್ಫನ್ನು ಐದು ಸೆಕೆಂಡಿಗಿಂತ ಹೆಚ್ಚು ಒತ್ತಿ ಹಿಡಿಯಬಾರದು; ಏಳದಿದ್ದರೆ ಬ್ಯಾಟರಿಗೆ ಹತ್ತು ಹದಿನೈದು ಸೆಕೆಂಡು ಬಿಡುವು ಕೊಡಬೇಕು. ಕಿಕ್ಕರ್ ಇದ್ದರೆ ದಿನದ ಮೊದಲ ಸಲ ಅದರಿಂದಲೇ ಚಾಲೂ ಮಾಡುವ ರೂಢಿ ಒಳ್ಳೆಯದು.

ಐದು ಹತ್ತು ನಿಮಿಷ ಗಾಡಿಯನ್ನು ನಿಂತಲ್ಲೇ ಬಿಸಿ ಮಾಡಬೇಕು ಎನ್ನುವವರಿದ್ದಾರೆ. ನಮ್ಮ ಥಂಡಿಗೆ ಒಂದು ನಿಮಿಷ ಸಾಕು. ಮೊದಲ ಒಂದೆರಡು ಕಿಲೋಮೀಟರ್ ಮೆಲ್ಲಗೆ ಓಡಿಸಿದರೆ ಎಂಜಿನ್ ಬೇಗ ಹದಕ್ಕೆ ಬರುತ್ತದೆ. ನಿಂತಲ್ಲೇ ಗುರುಗುಟ್ಟುವ ತಣ್ಣನೆ ಎಂಜಿನ್ನಿಗೆ ಹೋಗುವ ಹೆಚ್ಚುವರಿ ಪೆಟ್ರೋಲು ಸಿಲಿಂಡರಿನ ಗೋಡೆಯ ಆಯಿಲನ್ನೇ ತೊಳೆಯುತ್ತದೆ. ಇದಕ್ಕಿಂತ ಗಂಭೀರವಾದ ಮಾತೊಂದಿದೆ. ಕಳ್ಳತನದ ಅಂಜಿಕೆಗೆ ರಾತ್ರಿ ಗಾಡಿಯನ್ನು ಮನೆಯೊಳಗೇ ನಿಲ್ಲಿಸುವುದು ನಮ್ಮ ಹಳ್ಳಿಗಳಲ್ಲಿ ರೂಢಿ. ಚಳಿಗೆ ಬಾಗಿಲು ಮುಚ್ಚಿಕೊಂಡು, ಮಕ್ಕಳು ಮಲಗಿರುವ ಕಡೆಯೇ ಅದನ್ನು ಚಾಲೂ ಮಾಡಿ ಬಿಟ್ಟರೆ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಜೀವ ತೆಗೆಯಬಲ್ಲದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊರಗೆ ತಂದು ಆಮೇಲೆ ಚಾಲೂ ಮಾಡಿ. ಹುಲ್ಲು ಕಡ್ಡಿ ಒಟ್ಟಿ ಕಾಯಿಸಿಕೊಳ್ಳುವ ಬೆಂಕಿಯಿಂದಲೂ ಗಾಡಿಯನ್ನು ದೂರವಿಡಿ. ಓವರ್‌ಫ್ಲೋ ಆದ ಗಾಡಿಯ ಸುತ್ತ ಪೆಟ್ರೋಲಿನ ಆವಿ ನೆಲಮಟ್ಟದಲ್ಲೇ ಹರಡಿರುತ್ತದೆ.

ಗಾಲಿಯ ಗಾಳಿಯನ್ನೂ ಮರೆಯಬಾರದು. ಮೇ ತಿಂಗಳ ಮಧ್ಯಾಹ್ನ 42 ಡಿಗ್ರಿಯಲ್ಲಿ ಹಿಂದಿನ ಚಕ್ರಕ್ಕೆ 36 ಪಿಎಸ್‌ಐ ತುಂಬಿಸಿದ್ದರೆ, ಒಂದು ಗುಟುಕು ಸೋರದಿದ್ದರೂ 15 ಡಿಗ್ರಿಯ ನಸುಕಿಗೆ ಅದು 32ರ ಆಸುಪಾಸಿಗೆ ಇಳಿದಿರುತ್ತದೆ. ಮಂಜು ಕವಿದ ಗಂಗಾವತಿ ರಸ್ತೆಯಲ್ಲಿ, ಹಿಂದಿನ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರ್ ಎದುರಾದಾಗ ಬ್ರೇಕಿಗೆ ನೆರವಾಗಬೇಕಾದ್ದು ಆ ಗಾಲಿಯೇ. ಡಿಸೆಂಬರ್‌ನಲ್ಲಿ ಹನುಮಮಾಲೆ ಧರಿಸಿ ನಸುಕಿನಲ್ಲೇ ಅಂಜನಾದ್ರಿಗೆ ಬೈಕ್ ಓಡಿಸಿಕೊಂಡು ಹೋಗುವ ಹುಡುಗರು ಹೊರಡುವ ಮುನ್ನ ಗಾಳಿ, ಬ್ರೇಕು, ಹೆಡ್‌ಲೈಟು ಮೂರನ್ನೂ ನೋಡಿಕೊಳ್ಳಬೇಕು.

ಔಷಧಿಗೆ ತಿಂಗಳು ಯಾವುದು?

ಕೊನೆಯ ಆಕ್ಷೇಪ ದುಡ್ಡಿನದು. ‘ಕೂಲಿ ಮಾಡುವವನಿಗೆ ಇಷ್ಟೆಲ್ಲ ಆರೈಕೆ ಎಲ್ಲಿಂದ?’ ಮೇಲೆ ಹೇಳಿದ್ದರಲ್ಲಿ ಬಹುಪಾಲು ಬರೀ ಗಮನ ಕೇಳುತ್ತದೆ, ದುಡ್ಡಲ್ಲ. ಡಿಸ್ಟಿಲ್ಡ್ ವಾಟರ್ ಬಾಟಲಿ, ಫಿಲ್ಟರು, ಪ್ಲಗ್ಗು, ಪುಸ್ತಕದಲ್ಲಿ ಹೇಳಿದ ದರ್ಜೆಯ ಆಯಿಲು ಇವಿಷ್ಟೂ ಸೇರಿದರೂ ಹೊಸ ಬ್ಯಾಟರಿಯ ಬೆಲೆಗೆ ಸಮನಾಗದು. ನಮ್ಮ ಬಿಸಿಲಿಗೆ ದಪ್ಪ ಆಯಿಲೇ ಬೇಕೆಂದು ತೋಚಿದ್ದು ಹಾಕಿಸುವುದು, ಕಾರಿನ ಆಯಿಲ್ ಸುರಿದು ಕ್ಲಚ್ ಜಾರುವಂತೆ ಮಾಡಿಕೊಳ್ಳುವುದು ನಿಜವಾದ ದುಂದು. ಹಾಲು ಡೇರಿಗೆ ಹೊತ್ತಿಗೆ ಮುಟ್ಟದಿದ್ದರೆ ಆ ದಿನದ ಹಾಲು ಹೋಯಿತು. ಕೂಲಿಗೆ ತಡವಾದರೆ ಆ ದಿನದ ಕೂಲಿ ಹೋಯಿತು. ಬಡವನ ಗಾಡಿಗೇ ಆರೈಕೆ ಹೆಚ್ಚು ಬೇಕು, ಏಕೆಂದರೆ ಅವನಿಗೆ ಎರಡನೇ ಗಾಡಿ ಇಲ್ಲ. ಎಲೆಕ್ಟ್ರಿಕ್ ಸ್ಕೂಟರು ಕೊಂಡರೆ ಈ ತಾಪತ್ರಯ ತಪ್ಪೀತು ಎನ್ನುವವರೂ ಒಂದನ್ನು ಗಮನಿಸಬೇಕು: ಲೀಥಿಯಂ ಬ್ಯಾಟರಿಯನ್ನು ಬೇಗ ಮುದಿಯಾಗಿಸುವುದೂ ಬಿಸಿಲೇ. ನೆರಳಲ್ಲಿ ನಿಲ್ಲಿಸುವ ಪಾಠ ಅದಕ್ಕೂ ಅನ್ವಯಿಸುತ್ತದೆ.

ಹಾಗಾದರೆ ಆರೈಕೆಗೆ ಸರಿಯಾದ ದಿನ ಯಾವುದು? ಅದು ನಮ್ಮ ಪಂಚಾಂಗದಲ್ಲೇ ಇದೆ. ಬೇಸಿಗೆ, ಮಳೆಗಾಲ ಎರಡೂ ಕಳೆದು ಚಳಿ ಕಾಲಿಡುವ ಮುನ್ನ ಬರುತ್ತದೆ ಆಯುಧ ಪೂಜೆ. ಅಂದು ಜಿಲ್ಲೆಯ ಪ್ರತಿ ಮನೆಯಲ್ಲೂ ಗಾಡಿ ತೊಳೆದು, ಹಾರ ಹಾಕಿ, ಗಾಲಿಯಡಿ ನಿಂಬೆಹಣ್ಣು ಇಡುತ್ತಾರೆ. ತೊಳೆಯುವ ಮೊದಲು ಪಕ್ಕದ ಕವರ್ ಬಿಚ್ಚಿ ಬ್ಯಾಟರಿಯ ನೀರು ನೋಡುವುದು, ಟರ್ಮಿನಲ್ ಉಜ್ಜಿ ತುಸು ಗ್ರೀಸ್ ಹಚ್ಚುವುದು, ಫಿಲ್ಟರ್ ಬದಲಿಸುವುದು, ಪ್ಲಗ್ಗಿನ ಬಣ್ಣ ನೋಡುವುದು, ಆಯಿಲ್ ಗೇಜ್ ಎಳೆದು ಹಾಲಿನಂಥ ನೊರೆ ಇದೆಯೇ ಎಂದು ಪರೀಕ್ಷಿಸುವುದು, ಚೈನಿಗೆ ಆಯಿಲ್ ಬಿಡುವುದು, ಗಾಲಿಗೆ ಗಾಳಿ ಅಳೆಸುವುದು ಇವೂ ಪೂಜೆಯ ಭಾಗವಾಗಲಿ. ಜಿಲ್ಲೆಯ ಐಟಿಐಗಳು ನವರಾತ್ರಿಯ ವಾರದಲ್ಲಿ ವಿದ್ಯಾರ್ಥಿಗಳ ಕೈಗೆ ಮೀಟರ್ ಕೊಟ್ಟು ಹೋಬಳಿಗೊಂದು ದಿನ ಬ್ಯಾಟರಿ ತಪಾಸಣೆ ಇಟ್ಟುಕೊಂಡರೆ, ಹುಡುಗರಿಗೆ ಕೈಕಸುಬು ಹತ್ತುತ್ತದೆ, ರೈತನಿಗೆ ತನ್ನ ಗಾಡಿಯ ಸ್ಥಿತಿ ಚಳಿಗೆ ಮೊದಲೇ ಗೊತ್ತಾಗುತ್ತದೆ. ಯುಗಾದಿಯ ಹೊತ್ತಿಗೆ ಇನ್ನೊಮ್ಮೆ ನೀರು ನೋಡಿ, ಬೇಸಿಗೆಯ ಮೂರು ತಿಂಗಳು ಗಾಡಿಗೆ ನೆರಳು ಹುಡುಕಿಕೊಟ್ಟರೆ ಮುಂದಿನ ಜನವರಿಯ ಅರ್ಧ ಕೆಲಸ ಆಗಲೇ ಮುಗಿದಿರುತ್ತದೆ. ಥಂಡಿಯನ್ನು ಬೈಯುವುದರಿಂದ ಯಾವ ಗಾಡಿಯೂ ಎದ್ದಿಲ್ಲ. ಬೇಸಿಗೆಯಲ್ಲಿ ನೋಡಿಕೊಂಡ ಗಾಡಿ ಥಂಡಿಯಲ್ಲಿ ಕೈಬಿಡುವುದು ಅಪರೂಪ.